ಇಲ್ಲದ ಗರ್ಭಕೋಶ ನಾರ್ಮಲ್

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎಲ್ಲವೂ ನಾರ್ಮಲ್ ಎಂದು ಬಂದ ದಿನದಿಂದ ನಮ್ಮ ಮನೆಯಲ್ಲಿ ಅತ್ತೆಯ ನೋವನ್ನು ಯಾರೂ ನಂಬಲಿಲ್ಲ. ಎಡ ಪಕ್ಕೆಯ ಹಿಂದಿನಿಂದ ಹೊರಟು ತೊಡೆಸಂದಿಯವರೆಗೆ ಇಳಿಯುವ ನೋವು. ಅದು ಬಂದಾಗ ಅತ್ತೆ ಜೋಗಮ್ಮ ಗೋಡೆಗೆ ಹಣೆ ಒತ್ತಿ ನಿಂತುಬಿಡುತ್ತಿದ್ದರು. ಮಸ್ಕಿಯ ಡಾಕ್ಟರು ಸಿಂಧನೂರಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿಕೊಂಡು ಬರಲು ಚೀಟಿ ಬರೆದರು. ಮಾಡಿಸಿಕೊಂಡು ಬಂದಾಗ ರಿಪೋರ್ಟಿನ ಕೊನೆಯ ಸಾಲನ್ನಷ್ಟೇ ಓದಿ, ಏನೂ ಇಲ್ಲ, ಗ್ಯಾಸು ಎಂದು ಗುಳಿಗೆ ಕೊಟ್ಟರು.

ನನ್ನ ಗಂಡ ಶಿವರಾಜ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಕೆಟ್ಟವರಲ್ಲ. ಆದರೆ ಅತ್ತೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದಾಗಲೆಲ್ಲ ಅವರಿಗೆ ನಗೆ ಬರುತ್ತಿತ್ತು.

"ಕಂಪ್ಯೂಟರ್ ಸುಳ್ಳು ಹೇಳ್ತೈತೇನಬೇ ಯವ್ವಾ? ಆ ಮಷೀನಿಗೆ ನಿನ್ನ ಮ್ಯಾಲೆ ಏನು ಸಿಟ್ಟೈತಿ?"

ಅತ್ತೆ ಕೆಲವೊಮ್ಮೆ ನೋವು ಇರುವಾಗಲೇ ವಾಪಸು ಬಂದು ಒಲೆಯ ಮುಂದೆ ಕೂರುತ್ತಿದ್ದರು. ಅದನ್ನು ನೋಡುವುದು ನನಗೆ ಆಗುತ್ತಿರಲಿಲ್ಲ. ಆದರೂ ರಿಪೋರ್ಟು ರಿಪೋರ್ಟೇ ಅಲ್ಲವೇ ಎಂದು ನಾನೂ ಸುಮ್ಮನಿದ್ದೆ.

ಆಗ ನಾನು ಮಸ್ಕಿಯಲ್ಲಿ ಸಂಜೆಯ ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದೆ. ಮೊದಲ ಪಾಠವೇ ಕಂಪ್ಯೂಟರಿನ ಇತಿಹಾಸ. ಮಣಿ ಸರಿಸಿ ಎಣಿಸುವ ಚೌಕಟ್ಟಿನಿಂದ ಶುರುವಾಗಿ, ಇಡೀ ಕೋಣೆ ತುಂಬುತ್ತಿದ್ದ ಯಂತ್ರಗಳನ್ನು ದಾಟಿ ಕೈಯಲ್ಲಿ ಹಿಡಿಯುವ ಮೊಬೈಲಿನವರೆಗೆ ಬರುತ್ತದೆ. ಕೊನೆಗೆ ವೈದ್ಯಕೀಯದಲ್ಲಿ ಕಂಪ್ಯೂಟರಿನ ಉಪಯೋಗ. ಸುಮಾರು ಐವತ್ತು ವರ್ಷಗಳ ಹಿಂದೆ ಮನುಷ್ಯನ ತಲೆಯೊಳಗಿನ ಒಂದು ಚಿತ್ರವನ್ನು ಲೆಕ್ಕ ಹಾಕಿ ತೆಗೆಯಲು ಕಂಪ್ಯೂಟರಿಗೆ ಗಂಟೆಗಟ್ಟಲೆ ಬೇಕಾಗುತ್ತಿತ್ತಂತೆ. ಕೊಯ್ಯದೆಯೇ ಒಳಗನ್ನು ನೋಡಬಹುದು ಎಂಬ ಮಾತು ಓದಿ ನನಗೆ ಮೈ ಜುಮ್ಮೆಂದಿತ್ತು. ಪರೀಕ್ಷೆಯಲ್ಲಿ ಉದಾಹರಣೆ ಬರೆದರೆ ಅಂಕ ಹೆಚ್ಚು ಬರುತ್ತದೆಂದು, ಸ್ಕ್ಯಾನ್ ರಿಪೋರ್ಟಿನಲ್ಲಿ ಏನೇನು ಇರುತ್ತದೆ ನೋಡಿಕೊಳ್ಳಲು ಅತ್ತೆಯ ರಿಪೋರ್ಟನ್ನು ಕವರಿನಿಂದ ತೆಗೆದೆ. ಮೊದಲ ಬಾರಿ ಪೂರ್ತಿ ಓದಿದ್ದು ಆವಾಗ.

ಲಿವರ್ ನಾರ್ಮಲ್. ಎರಡೂ ಕಿಡ್ನಿ ನಾರ್ಮಲ್. ಕೆಳಗೆ, ಗರ್ಭಕೋಶದ ಗಾತ್ರ ನಾರ್ಮಲ್, ಇರುವ ಜಾಗ ನಾರ್ಮಲ್.

ನನಗೆ ನನ್ನ ಇಂಗ್ಲಿಷಿನ ಮೇಲೆ ನಂಬಿಕೆ ಇಲ್ಲ. ಸಂಜೆ ಕಾಲೇಜಿನಲ್ಲಿ ಹೇಗೋ ಪಾಸಾದವಳು. ಗರ್ಭಕೋಶ ಎಂದುಕೊಂಡ ಆ ಇಂಗ್ಲಿಷ್ ಪದಕ್ಕೆ ಬೇರೆ ಅರ್ಥವೂ ಇರಬಹುದೆಂದು ಮೊಬೈಲಿನಲ್ಲಿ ಹುಡುಕಿದೆ. ಇರಲಿಲ್ಲ. ಬೇರೆಯವರ ರಿಪೋರ್ಟು ಬಂದಿರಬಹುದೆಂದು ಹೆಸರು, ವಯಸ್ಸು, ಊರು ನೋಡಿದೆ. ಎಲ್ಲ ಅತ್ತೆಯದೇ. ಕೊನೆಗೆ, ಜೋಳ ಹಸನು ಮಾಡುತ್ತಾ ಕೂತಿದ್ದ ಅತ್ತೆಯ ಹತ್ತಿರ ಹೋಗಿ ಆ ಸಾಲನ್ನು ಕನ್ನಡದಲ್ಲಿ ಹೇಳಿದೆ.

ಮೊರ ಕೆಳಗಿಟ್ಟು, ಮತ್ತೊಮ್ಮೆ ಓದು ಎಂದರು. ಓದಿದೆ.

ಶಿವರಾಜ ಇನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದಾಗಲೇ ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅತ್ತೆಯ ಗರ್ಭಕೋಶ ತೆಗೆದಿದ್ದರು. ಬಿಳಿ ಸೆರಗು ಹೋಗುತ್ತದೆಂದು ತೋರಿಸಲು ಹೋದವರಿಗೆ, ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರಂತೆ. ನಮ್ಮ ಓಣಿಯಲ್ಲಿ ಹಾಗೆ ತೆಗೆಸಿಕೊಂಡ ಹೆಂಗಸರು ಇನ್ನೂ ಇದ್ದಾರೆ. ನೀರಿಗೆ ನಿಂತಾಗ ಸೊಂಟದ ಮೇಲೆ ಕೈಯಿಟ್ಟು ಅದೇ ಮಾತಾಡುತ್ತಾರೆ.

"ತಗದದ್ದನ್ನ ಟ್ರೇನ್ಯಾಗ ಇಟ್ಟು ನಿಮ್ಮ ಮಾವಗ ತೋರ್ಸ್ಯಾರ," ಎಂದರು ಅತ್ತೆ. "ಸಾಯೋತನಾ ಅವರಿಗೆ ಅದು ಕಣ್ಣಾಗ ಇತ್ತು. ಈಗ ಅದು ವಾಪಸ್ ಬಂದೈತೇನು?"

ನನಗೆ ಎರಡು ಸಿಟ್ಟು ಒಟ್ಟಿಗೇ ಬಂದವು. ಒಂದು ಹಳೆಯದು, ಯಾರನ್ನು ಕೇಳಬೇಕೋ ಗೊತ್ತಿಲ್ಲದ್ದು. ಇನ್ನೊಂದು ಕೈಯಲ್ಲೇ ಇತ್ತು. ಇಲ್ಲದ ಗರ್ಭಕೋಶ ನಾರ್ಮಲ್ ಎಂದು ಬರೆದ ಕಾಗದವೇ ಕಿಡ್ನಿಯೂ ನಾರ್ಮಲ್ ಎನ್ನುತ್ತಿತ್ತು. ಅದನ್ನು ನಂಬಿ ನಾವು ಈ ಹೆಂಗಸನ್ನು ಸುಳ್ಳಿ ಮಾಡಿದ್ದೆವು.

ಮರುದಿನ ಬೆಳಿಗ್ಗೆ ಇಬ್ಬರೂ ಸಿಂಧನೂರಿನ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ಏನು ಕೇಳಬೇಕೆಂಬುದನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ. ಸ್ಕ್ಯಾನಿಂಗ್ ಸೆಂಟರಿನ ಕೌಂಟರ್ ಮುಂದೆ ನಿಂತಾಗ ಅದರಲ್ಲಿ ಒಂದೂ ನೆನಪಾಗಲಿಲ್ಲ. ಸುಮ್ಮನೆ ರಿಪೋರ್ಟು ಮುಂದಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟೆ. ಇವರಿಗೆ ಇದು ಇಲ್ಲ, ತೆಗೆದು ಬಹಳ ವರ್ಷವಾಯಿತು ಎಂದೆ.

ರಿಪೋರ್ಟು ಟೈಪ್ ಮಾಡುವ ಹುಡುಗ ಮುಜಾಹಿದ್ ಗಾಬರಿಯಾಗಲಿಲ್ಲ. ಅಷ್ಟೇನಾ ಅಕ್ಕಾ ಎನ್ನುತ್ತಲೇ ಕಂಪ್ಯೂಟರಿನಲ್ಲಿ ಫೈಲು ತೆಗೆದು, ಆ ಸಾಲನ್ನು ಅಳಿಸಿ, ಗರ್ಭಕೋಶ ತೆಗೆಯಲಾಗಿದೆ ಎಂದು ಹಾಕಿ ಹೊಸ ಪ್ರಿಂಟ್ ಕೊಟ್ಟ. ಕಾಗದ ಇನ್ನೂ ಬಿಸಿಯಿತ್ತು. ಕಿಡ್ನಿ ನಾರ್ಮಲ್ ಹಾಗೇ ಇತ್ತು. ಕೆಳಗೆ ಸೆಂಟರಿನ ಡಾಕ್ಟರ ಸಹಿಯೂ ಇತ್ತು. ಡಾಕ್ಟರು ಮಾತ್ರ ಇನ್ನೂ ಬಂದೇ ಇರಲಿಲ್ಲ.

"ಮತ್ತ ನೋಡದ ಹೆಂಗ ಬರದಿ?" ಎಂದೆ.

"ಫಾರ್ಮ್ಯಾಟ್ ಇರ್ತೈತಿ ಅಕ್ಕಾ. ಲೇಡೀಸ್ ಅಂತ ಒತ್ತಿದ್ರ ಇಷ್ಟೂ ಸಾಲು ತಾವಾಗೇ ಬರ್ತಾವ. ಏನರ ಇದ್ರ ಸಾಹೇಬ್ರು ಹೇಳ್ತಾರ, ಅದೊಂದು ಬದಲಿ ಮಾಡ್ತೀನಿ."

"ಹೇಳದಿದ್ರ?"

"ಹೇಳದಿದ್ರ ನಾರ್ಮಲ್."

ಅವನು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಇದರಲ್ಲಿ ಏನಿದೆ ಎಂಬಂತೆ ನೋಡಿದ. ಕಂಪ್ಯೂಟರ್ ದಣಿಯುವುದಿಲ್ಲ, ಬೇಸರಪಡುವುದಿಲ್ಲ, ತಪ್ಪು ಮಾಡುವುದಿಲ್ಲ ಎಂದು ಕಿರುಪರೀಕ್ಷೆಯಲ್ಲಿ ಬರೆದು ನಾನು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆ ಉತ್ತರಪತ್ರಿಕೆ ಕೈಗೆ ಸಿಕ್ಕಿದ್ದರೆ ಅಲ್ಲೇ ಹರಿದುಹಾಕುತ್ತಿದ್ದೆ.

ಡಾಕ್ಟರು ಬಂದರು. ನಾನು ಅಡ್ಡ ನಿಂತು ಹೇಳಿದೆ, ಎಷ್ಟು ಸರಿಯಾಗಿ ಹೇಳಿದೆನೋ ಗೊತ್ತಿಲ್ಲ. ಒಂದು ಸಾಲಿಗೆ ಇಷ್ಟು ಗಲಾಟೆ ಯಾಕೆ, ಅದು ಕಂಪ್ಯೂಟರಿನಿಂದ ಆದದ್ದು, ಸರಿಮಾಡಿ ಕೊಟ್ಟಾಯಿತಲ್ಲ ಎಂದು ಅವರು ಒಳಗೆ ನಡೆದರು. ಅವರ ಹಿಂದೆಯೇ ಅತ್ತೆ ಒಳಹೊಕ್ಕು ಸ್ಕ್ಯಾನಿಂಗ್ ಮಂಚ ಹತ್ತಿ ಮಲಗಿಬಿಟ್ಟರು. ಸರದಿ ಇದೆ, ಏಳಮ್ಮ ಎಂದರು ಡಾಕ್ಟರು. ಅತ್ತೆ ಏಳಲಿಲ್ಲ.

"ನನ್ನೊಳಗ ಇಲ್ಲದ್ದು ನಿಮಗ ಕಂಡೈತ್ರಿ," ಎಂದರು. "ಇದ್ದದ್ದು ಹೆಂಗ ಕಂಡೀತು? ಇವತ್ತು ನೋಡ್ರಿ. ಆವತ್ತು ನೀವು ನೋಡಲಿಲ್ಲ, ಫೋನಿನ್ಯಾಗ ಮಾತಾಡಾಕತ್ತಿದ್ರಿ."

ಬಾಗಿಲು ತೆರೆದೇ ಇತ್ತು. ನೀರಿನ ಬಾಟಲಿ ಹಿಡಿದು ಕೂತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಮುಕ್ಕುಂದ ಊರಿನವಳೊಬ್ಬಳು ಎದ್ದು ಬಂದು, ನಂದೂ ತೆಗೆದಿದ್ದಾರೆ, ಹಿಂದಿನ ಸಲ ಇಲ್ಲೇ ಮಾಡಿಸಿದ್ದೆ, ನನ್ನದರಲ್ಲಿ ಏನು ಬರೆದಿದೆ ನೋಡು ತಂಗಿ ಎಂದು ತನ್ನ ಕವರನ್ನು ನನ್ನ ಕೈಗೆ ಕೊಟ್ಟಳು. ಬಿಚ್ಚಿ ನೋಡಿದೆ. ಅದೇ ಸಾಲು, ಅದೇ ಅಕ್ಷರ. ಗಟ್ಟಿಯಾಗಿ ಓದಿದೆ. ಯಾರೂ ಕೂಗಾಡಲಿಲ್ಲ. ಆದರೆ ಕೂತವರೆಲ್ಲ ಒಬ್ಬೊಬ್ಬರಾಗಿ ಎದ್ದು ನಿಂತರು.

ಡಾಕ್ಟರು ಬಾಗಿಲ ಕಡೆ ಒಮ್ಮೆ ನೋಡಿ ಕುರ್ಚಿ ಎಳೆದುಕೊಂಡರು.

ಈ ಸಲ ಫೋನು ಮೇಜಿನ ಮೇಲೆಯೇ ಉಳಿಯಿತು. ಜೆಲ್ ಹಚ್ಚಿ ಹೊಟ್ಟೆಯ ಮೇಲೆ ಯಂತ್ರ ಆಡಿಸಿದರು, ಬಲಕ್ಕೆ ಹೊರಳಲು ಹೇಳಿ ಎಡ ಪಕ್ಕೆಯ ಮೇಲೆ ತಂದರು, ಅಲ್ಲಿ ನಿಲ್ಲಿಸಿದರು. ಪರದೆಯಲ್ಲಿ ನನಗೆ ಕಂಡದ್ದು ಕಪ್ಪು ಮಬ್ಬು ಅಷ್ಟೇ. ಅವರ ಮುಖ ಮಾತ್ರ ಅರ್ಥವಾಯಿತು. ಎಡ ಕಿಡ್ನಿ ಊದಿದೆ ಎಂದರು. ಕಲ್ಲು ಕೆಳಗೆ ನಳಿಕೆಯಲ್ಲಿ ಸಿಕ್ಕಿಕೊಂಡು ಮೂತ್ರ ತಡೆದಿದೆ, ಇನ್ನು ಬಿಟ್ಟರೆ ಕಿಡ್ನಿಯೇ ಹೋಗಬಹುದು, ಇವತ್ತೇ ರಾಯಚೂರಿಗೆ ಕರೆದುಕೊಂಡು ಹೋಗಿ. ಆವತ್ತೂ ಇತ್ತೇನು ಎಂದು ಕೇಳಿದೆ. ಇಷ್ಟಿರಲಿಕ್ಕಿಲ್ಲ ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ಮುಜಾಹಿದ್ ಹೊಸ ರಿಪೋರ್ಟಿಗೆ ಕೂತ. ಹೆಸರು ಹಾಕಿ ಗುಂಡಿ ಒತ್ತಿದ ಕೂಡಲೇ ಪುಟದ ತುಂಬ ನಾರ್ಮಲ್ ನಾರ್ಮಲ್ ಎಂದು ಬಂದು ನಿಂತಿತು.

"ಎಲ್ಲಾ ಅಳಸು," ಎಂದೆ. "ಖಾಲಿ ಮಾಡು. ಅವರು ನೋಡಿದ್ದಷ್ಟ ಬರಿ."

ಅವನು ಡಾಕ್ಟರ ಮುಖ ನೋಡಿದ. ಹೊರಗೆ ಇಷ್ಟು ಜನ ಇದ್ದಾರೆ, ಹೊತ್ತಾಗುತ್ತದೆ ಎಂದರು ಅವರು. ಆಗಲಿ ಎಂದಳು ಬಾಗಿಲಲ್ಲಿ ನಿಂತ ಮುಕ್ಕುಂದದವಳು. ಮುಜಾಹಿದ್ ಅಳಿಸಿದ. ಡಾಕ್ಟರು ಒಂದೊಂದೇ ಹೇಳುತ್ತಾ ಹೋದರು, ಅವನು ಒಂದೊಂದೇ ಬರೆಯುತ್ತಾ ಹೋದ. ಗರ್ಭಕೋಶದ ಸಾಲಿಗೆ ಬಂದಾಗ ಅತ್ತೆ ಸೀರೆ ಸರಿಮಾಡಿಕೊಳ್ಳುತ್ತಾ, ತಗದಾರ ಅಂತ ಹಾಕಪ್ಪ, ಯಾಕ ತಗದ್ರೋ ಗೊತ್ತಿಲ್ಲ ಅಂತಾನೂ ಹಾಕು ಎಂದರು. ಎರಡನೆಯದನ್ನು ಯಾರೂ ಬರೆಯಲಿಲ್ಲ.

ಹೊರಗೆ ಬಂದು ಶಿವರಾಜರಿಗೆ ಫೋನು ಹಚ್ಚಿದೆ. ಪಾಳಿ ಮುಗಿಸಿ ಆಗಷ್ಟೇ ಮೇಲೆ ಬಂದಿದ್ದರು. ರಾಯಚೂರಿಗೆ ಹೋಗಬೇಕು, ನೇರ ಅಲ್ಲಿಗೇ ಬನ್ನಿ ಎಂದೆ. ಅವರು ಮೊದಲು ಕೇಳಿದ್ದು, ರಿಪೋರ್ಟಿನ್ಯಾಗ ಏನೈತಿ ಎಂದು.

ಫೋನಿನ ದನಿ ಅತ್ತೆಗೂ ಕೇಳಿಸಿತು. ನನ್ನ ಕೈಯಿಂದ ಫೋನು ತೆಗೆದುಕೊಂಡರು.

"ರಿಪೋರ್ಟ್ ಬಿಡು ಶಿವಾ. ನನ್ನ ಕೇಳು."

ಅತ್ತೆ ಇನ್ನೊಂದು ಕೈಯಿಂದ ಪಕ್ಕೆ ಒತ್ತಿ ಹಿಡಿದು ಕಾದರು. ಬಸ್ಸು, ಆಟೋಗಳ ಹಾರ್ನಿನ ನಡುವೆ ಬಹಳ ಹೊತ್ತು ಕಾದರು. ಕೊನೆಗೆ ಸಣ್ಣ ದನಿ ಕೇಳಿಸಿತು, ಭಾಳ ನೋವೈತೇನಬೇ ಯವ್ವಾ ಎಂದು.

"ಈಗ ಕೇಳ್ತಿ," ಎಂದು ಹೇಳಿ ಅತ್ತೆ ಫೋನನ್ನು ನನ್ನ ಕೈಗಿಟ್ಟು ರಾಯಚೂರಿನ ಬಸ್ಸು ನಿಲ್ಲುವ ಕಡೆ ನಡೆಯತೊಡಗಿದರು.