ಹಬ್ಬದ ಗುಳಗಿ

"ಕಡೀಕ ಮುಟ್ಟು ಯಾವಾಗ ಬಂತ್ರಿ? ತಾರೀಖು ಹೇಳ್ರಿ" ಅಂತ ಡಾಕ್ಟರ್ ವಿಜಯಶ್ರೀ ಕೇಳಿದರು.

"ಶ್ರಾವಣ ಬಹುಳ ದ್ವಾದಶಿ" ಅಂದಳು ಸುಮೇಧಾ.

ಡಾಕ್ಟರ್ ಪೆನ್ನು ಅಲ್ಲೇ ನಿಂತಿತು. ಬಸವನ ಬಾಗೇವಾಡಿಯ ಆ ಸಣ್ಣ ದವಾಖಾನಿಯೊಳಗ ಹದಿನೈದು ವರ್ಷದಿಂದ ಹೆಣ್ಣಮಕ್ಕಳ ಕಷ್ಟ ಕೇಳಿದವರು ಅವರು. ತಾರೀಖು ಮರತೇನಿ ಅನ್ನೋರನ್ನ ನೋಡಿದ್ದರು, ಜೋಳ ಬಿತ್ತಿದ ವಾರ ಅನ್ನೋರನ್ನ ನೋಡಿದ್ದರು, ತಿಥಿ ಹೇಳೋರನ್ನ ನೋಡಿದ್ದಿಲ್ಲ. ಎದ್ದು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಇಳಿಸಿ, ಹಾಳಿ ಹಿಂದಕ್ಕ ಹೊಳ್ಳಿಸಿ, ಬಟ್ಟಿಟ್ಟು ಎಣಿಸಿದರು.

"ಇಪ್ಪತ್ತಮೂರು ದಿನ ಆತಲ್ರಿ ಬಾಯಾರ! ಇನ್ನೂ ನಿಂತಿಲ್ಲೇನು?"

"ಇಲ್ಲರಿ."

"ರಕ್ತ ಐದೂವರಿಗೆ ಬಂದೈತಿ. ಹನ್ನೆರಡು ಇರಬೇಕು. ನೀವು ಬಸ್ಸಿನ್ಯಾಗ ಹೆಂಗ ಬಂದ್ರಿ ಅನ್ನೂದೇ ನನಗ ಗೊತ್ತಾಗವಲ್ದು. ಗರ್ಭಚೀಲದ ಒಳಪದರು ದಪ್ಪಾಗೈತಿ, ಅದರ ಚೂರು ತಗದು ತಪಾಸಿಗೆ ಕಳಸಬೇಕು. ಮುಟ್ಟು ಮುಂದಕ್ಕ ಹಾಕೋ ಗುಳಗಿ ಏನರ ತೊಗೊಂಡೀರೇನು?"

ಸುಮೇಧಾ ಸೆರಗಿನ ತುದಿ ಹಿಂಡಿದಳು. "ಎರಡು ಸಲ" ಅಂದಳು.

ಸುಳ್ಳು. ನಲವತ್ತೆಂಟು ವರ್ಷದ ಬಾಳಿನ್ಯಾಗ ಆಕಿ ಹೇಳಿದ ದೊಡ್ಡ ಸುಳ್ಳುಗಳೊಳಗ ಇದೂ ಒಂದು.

ಹಬ್ಬದ ಗುಳಗಿ ಅಂದ್ರ ಏನು ಅಂತ ಗಂಡಸರಿಗೆ ಬಿಡಿಸಿ ಹೇಳಬೇಕು, ಹೆಣ್ಣಮಕ್ಕಳಿಗೆ ಹೇಳೂದೇನೂ ಬ್ಯಾಡ. ಮನ್ಯಾಗ ಪೂಜಿ, ವ್ರತ, ಶ್ರಾದ್ಧ ಇದ್ದಾಗ ಮುಟ್ಟು ಬಂದು ಕೆಲಸ ಕೆಡಬಾರದಂತ ನುಂಗೋ ಗುಳಗಿ ಅದು. ಸುಮೇಧಾನ ಊರು ನಿಡಗುಂದಿ, ಅಲ್ಲಿ ಬಸ್‌ಸ್ಟ್ಯಾಂಡಿನ ಎದುರಿಗೆ ಬಾಬುಲಾಲನ ಔಷಧದ ಅಂಗಡಿ ಐತಿ. ಅಲ್ಲಿ ಇದಕ್ಕ ಚೀಟಿ ಬ್ಯಾಡ, ಡಾಕ್ಟರೂ ಬ್ಯಾಡ. ಬಾಬುಲಾಲಗ ನಮ್ಮ ಹಬ್ಬ ನಮಗಿಂತ ಛಲೋ ಗೊತ್ತು. "ಬಾಯಾರ, ಪಂಚಮಿ ಬಂತಲ್ಲ" ಅಂತ, ಕೇಳೂಕಿಂತ ಮೊದಲೇ ಕಾಗದದಾಗ ಸುತ್ತಿ ಇಡತಿದ್ದ. ಅವನ ಮ್ಯಾಲ ಸಿಟ್ಟಾಗಿ ಏನ್ ಉಪಯೋಗ? ಕೇಳಿದವರಿಗೆ ಕೊಟ್ಟ. ವರ್ಷಕ್ಕೊಮ್ಮೆ ಆದ್ರ ಮಾತು ಬ್ಯಾರೆ. ಸುಮೇಧಾ ಎರಡು ವರ್ಷದಿಂದ ಯುಗಾದಿಗೆ ನುಂಗಿದ್ದಳು, ರಾಮನವಮಿಗೆ ನುಂಗಿದ್ದಳು, ಶ್ರಾವಣದಾಗಂತೂ ಊಟದ ಹಂಗ ನುಂಗಿದ್ದಳು.

ಯಾಕ ಅಂತ ಕೇಳ್ರಿ. ಅತ್ತಿ ಅಂಬುಬಾಯಿಗೆ ಎಂಬತ್ತರ ಹತ್ತಿರ ವಯಸ್ಸು, ಕಡು ಮಡಿ. ಸೊಸಿ ಮಡಿಯಿಂದ ಮಾಡಿದ್ದು ಬಿಟ್ಟು ಬ್ಯಾರೆ ಏನೂ ಬಾಯಿಗೆ ಹಾಕೂದಿಲ್ಲ. ಮುಟ್ಟಾದ್ರ ಮೂರು ದಿನ ಹೊರಗ ಕೂತು, ನಾಕನೇ ದಿನ ನೀರು ಹಾಕ್ಕೊಂಡು ಒಳಗ ಬರೂದು ಮನಿಯ ರೂಢಿ. ಅಷ್ಟು ದಿನ ಮುದುಕಿ ತನ್ನ ಪೂರ್ತೆ ಒಂದಿಷ್ಟು ಅನ್ನಾ ತಾನೇ ಬೇಯಿಸಿಕೊಳ್ಳತಿದ್ದರು. ಮುಂದ ಅವರ ಸೊಂಟ ಹೋತು, ಕೈಗೆ ಕೋಲು ಬಂತು. ಅದೇ ಹೊತ್ತಿಗೆ ಸುಮೇಧಾನ ಮುಟ್ಟು ತಾಳ ತಪ್ಪಿತು. ಎರಡು ವರ್ಷದ ಹಿಂದೊಮ್ಮೆ ಹದಿನಾರು ದಿನ ನಿಲ್ಲಲೇ ಇಲ್ಲ. ನಿಲ್ಲೂತನಕ ಒಳಗ ಬರೂಹಂಗಿಲ್ಲ ಅಂದಮ್ಯಾಲ ಹದಿನಾರೂ ದಿನ ಅಂಬುಬಾಯಿ ಹಾಲು ಕುಡದು ಬಾಳಿಹಣ್ಣು ತಿಂದು ಕೂತರು. ಅವರ ಮಗ, ಸುಮೇಧಾನ ಗಂಡ ಸಂಕರ್ಷಣ ಹೈಸ್ಕೂಲಿನ ಗಣಿತದ ಮಾಸ್ತರ. ತಾನೇ ಮಡಿ ಉಟ್ಟು ಅಡಗಿಗೆ ನಿಂತ ಮೊದಲನೇ ದಿನಾನೇ ಕುದಿಯೋ ಸಾರು ಕಾಲ ಮ್ಯಾಲ ಕೆಡವಿಕೊಂಡ. ಅಡಗಿಯವರನ್ನ ಇಡೂಣು ಅಂದ್ರ ಮುದುಕಿ ಒಲ್ಲೆ ಅಂದರು. ಹದಿನೇಳನೇ ದಿನ ಸುಮೇಧಾ ಒಳಗ ಬಂದು ತಾಟು ಬಡಿಸಿದಾಗ ಅತ್ತಿ ಎರಡೂ ಕೈಲೆ ಅದನ್ನ ಹತ್ತಿರ ಎಳಕೊಂಡದ್ದನ್ನ ಆಕಿ ಕಣ್ಣಾರೆ ನೋಡಿದಳು. ತುತ್ತು ಬಾಯಿಗೆ ಹೋಗೂಕಿಂತ ಮೊದಲು ಕಣ್ಣಾಗ ನೀರು ಬಂದಿದ್ದವು.

ಅವತ್ತೇ ಸುಮೇಧಾ ನಿರ್ಧಾರ ಮಾಡಿದಳು, ಇನ್ನ ಹೊರಗ ಕೂಡೂದಿಲ್ಲ. ಗುಳಗಿ ಸುರುವಾದವು. ಮುಂದ ಗುಳಗಿಯೂ ಮಾತು ಕೇಳಲಿಲ್ಲ. ನಿಲ್ಲಿಸಿದ ಮೂರನೇ ದಿನ ಕಟ್ಟಿ ಒಡದಂಗ ಬರತಿತ್ತು. ಆಗ ಆಕಿ ಅದನ್ನೂ ಮುಚ್ಚಿಟ್ಟು, ತಣ್ಣೀರು ಸುರಕೊಂಡು, ಮಡಿ ಉಟ್ಟು ಒಲಿ ಮುಂದ ನಿಂತಳು. ಇದು ಆಕಿಯ ಎಲ್ಲಾಕಿಂತ ದೊಡ್ಡ ಸುಳ್ಳು.

"ಇವತ್ತೇ ಅಡ್ಮಿಟ್ ಆಗ್ರಿ" ಅಂದರು ಡಾಕ್ಟರ್. "ರಕ್ತ ಏರಸಬೇಕು. ಈ ವಯಸ್ಸಿನ್ಯಾಗ ಹಾರ್ಮೋನ್ ಏರಾಪೇರು ಆಗೂದು ಸಹಜ, ಅದನ್ನ ಹದಕ್ಕ ತರಾಕ ಔಷಧ ಐತಿ, ದಾರಿ ಐತಿ. ಎಲ್ಲಾರಿಗೂ ಗರ್ಭಚೀಲ ತಗೀಬೇಕಂತೇನಿಲ್ಲ. ಖರೆ ಮೊದಲು ನೀವು ಬದುಕಬೇಕು."

"ಶನಿವಾರ ಬರ್ತೀನ್ರಿ. ನಾಡದು ಶುಕ್ರವಾರ ನಮ್ಮ ಮಾವನವರ ಪಕ್ಷ ಅದ, ಶ್ರಾದ್ಧದ ಅಡಗಿ ನಾನೇ ಮಾಡಬೇಕು."

"ಶನಿವಾರಕ್ಕ ನೀವು ಇರತೀರಂತ ಯಾರ ಹೇಳ್ಯಾರ?" ಡಾಕ್ಟರಿಗೆ ಸಿಟ್ಟು ಬಂತು. "ಬಾಯಾರ, ನಮ್ಮಲ್ಲಿ ಲಿಂಗ ಕಟ್ಟಿಕೊಂಡಮ್ಯಾಲ ಈ ಸೂತಕ ಇಲ್ಲ. ನಿಮ್ಮ ಮನಿ ರೂಢಿಗೆ ನಾ ಏನೂ ಅನ್ನೂದಿಲ್ಲ. ಆದ್ರ ಹೆಣ್ಣಮಗಳು ಹೊರಗಾದ್ರ ಶ್ರಾದ್ಧಾನೂ ಮುಂದಕ್ಕ ಹಾಕತಾರಂತಲ್ಲ? ನಿಮ್ಮ ಶಾಸ್ತ್ರದಾಗೇ ಐತಂತ ಕೇಳೇನಿ."

ಐತಿ. ಸುಮೇಧಾಗೂ ಗೊತ್ತು. ಖರೆ ಅದಕ್ಕ ಬಾಯಿ ಬಿಟ್ಟು ಹೇಳಬೇಕಲ್ಲ! ಡಾಕ್ಟರ್ ರಕ್ತ ತಡಿಯೋ ಗುಳಗಿ ಬರಕೊಟ್ಟು, ಚೀಟಿ ಹಿಂದ ತಮ್ಮ ಫೋನ್ ನಂಬರ್ ದೊಡ್ಡದಾಗಿ ಬರದರು.

ಬಸ್ಸಿನ್ಯಾಗ ಆಕಿ ಮಡಚಿದ ಟವೆಲ್ ಹಾಸ್ಕೊಂಡು ಸೀಟಿನ ತುದಿಗೆ ಕೂತಳು. ಗೊಳಸಂಗಿ ಬರೂದ್ರೊಳಗ ಕಿವಿ ಗುಂಯ್ ಅನ್ನಲಿಕ್ಕೆ ಹತ್ತಿತು, ಕಣ್ಣಿಗೆ ಕತ್ತಲಿ ಬಂತು. ತವರೂರು ಇಂಡಿಯಿಂದ ಅಣ್ಣ ಕಳಿಸಿದ ಲಿಂಬಿಹಣ್ಣು ಒಂದು ಚೀಲದಾಗಿತ್ತು. ಅದನ್ನ ಮೂಸಿ ಮೂಸಿ ಎಚ್ಚರ ಇಟ್ಟಕೊಂಡಳು. ಹೇಳಿಬಿಡಲೇನು ಅಂತ ನೂರು ಸಲ ಅನಿಸಿತು. ಇವತ್ತಿನದು ಒಂದು ಹೇಳಿದ್ರ ಮುಗೀತೇನು? ಎಳಿ ಹಿಡದು ಜಗ್ಗಿದಂಗ ಎರಡು ವರ್ಷದ್ದೆಲ್ಲಾ ಬರತದ. ಗಣಪತಿಗೆ ಮಾಡಿದ ಕಡಬು, ಆರಾಧನಿಯ ಅಡಗಿ, ಮುದುಕಿ ದಿನಾ ಉಂಡ ಅನ್ನ, ಎಲ್ಲಾ ಮೈಲಿಗಿ. ಆಕಿಯೇನು ಮಡಿ ನಂಬದಾಕಿ ಅಲ್ಲ. ನಂಬತಿದ್ದಳು, ಅದೇ ಗೋಳು. ಈ ರಕ್ತ ತನಗ ಬಂದ ಶಿಕ್ಷಾ ಅಂತನೇ ತಿಳಕೊಂಡಿದ್ದಳು ಹುಚ್ಚಿ. ಇಳಿಯೂಮುಂದ ಸೀಟು ಹೊಳ್ಳಿ ನೋಡಿ, ಟವೆಲ್ ಚೀಲಕ್ಕ ತುರುಕಿದಳು.

ಗುರುವಾರ ಗಂಡನ ಮುಂದ ಎರಡು ಸಲ ನಿಂತಳು. ಸಂಕರ್ಷಣ ಬಾಳಿ ಎಲಿ ಒರಸಿ ಜೋಡಿಸಲಿಕ್ಕೆ ಹತ್ತಿದ್ದ. "ಏನು?" ಅಂದ. "ಏನಿಲ್ಲರಿ" ಅಂದಳು. ಸಿಂದಗಿಗೆ ಕೊಟ್ಟ ಮಗಳು ಶ್ರೀವಾಣಿ ಫೋನ್ ಮಾಡಿ "ಡಾಕ್ಟರ್ ಏನಂದರು?" ಅಂತ ಕೇಳಿದಳು. "ಗುಳಗಿ ಕೊಟ್ಟಾರ" ಅಂದಳು.

ಸಂಜೀಮುಂದ ಧೈರ್ಯ ಕಟ್ಟಿಕೊಂಡು ಅತ್ತಿ ಹತ್ತಿರ ಹೋದಳು. ಅಂಬುಬಾಯಿ ಪಡಸಾಲ್ಯಾಗ ಕೂತು ದೀಪಕ್ಕ ಬತ್ತಿ ಹೊಸಿಯಲಿಕ್ಕೆ ಹತ್ತಿದ್ದರು.

"ಅತ್ಯಾ, ಒಂದು ಮಾತು..."

ಮುದುಕಿ ತಲಿ ಎತ್ತಲಿಲ್ಲ. "ವಡಿಗೆ ಉದ್ದು ನೆನಿಹಾಕಿದೇನು?" ಅಂದರು.

"ಹೂಂ, ಹಾಕೀನಿ."

"ಛಲೋ ಆತು. ಹೋಗು, ಲಗೂ ಮಲಗು. ನಸುಕಿನ್ಯಾಗ ಏಳಬೇಕು."

ಮಾತು ಅಲ್ಲಿಗೆ ಮುಗೀತು. ಸುಮೇಧಾ ಬಚ್ಚಲಕ್ಕ ಹೋಗಿ ನಳಾ ಜೋರಾಗಿ ಬಿಟ್ಟು, ಸಪ್ಪಳ ಕೇಳಬಾರದಂತ ಅದರ ಕೆಳಗ ಅತ್ತಳು.

ಶುಕ್ರವಾರ ನಸುಕಿನ್ಯಾಗ ತಣ್ಣೀರು ಮೈಮ್ಯಾಲ ಬಿದ್ದಾಗ ಹಲ್ಲು ಕಟಕಟ ಅಂದವು. ಒಳಗ ಅರಬಿ ಮ್ಯಾಲ ಅರಬಿ ಕಟ್ಟಿ, ಮ್ಯಾಲ ಒದ್ದಿ ಮಡಿಸೀರಿ ಬಿಗದಳು. ಕೃಷ್ಣಾ, ಇವತ್ತೊಂದು ದಿನ ದಾಟಸು, ನಾಳೆ ಏನರ ಮಾಡು ಅಂದಳು. ಪಾಯಸ ಆತು, ಸಾರು ಆತು, ಪಲ್ಯಾ ಆದವು. ವಡಿ ಕರಿಯೂದು ಉಳೀತು. ಪಡಸಾಲ್ಯಾಗ ಆಚಾರ್ಯರು ಬಂದು ಮಂತ್ರ ಸುರು ಮಾಡಿದ್ದರು. ಸಂಕರ್ಷಣ ಕೈಬಟ್ಟಿಗೆ ದರ್ಭಿಯ ಪವಿತ್ರ ಹಾಕ್ಕೊಂಡು ಅಪ್ಪನ ಹೆಸರು, ಅಜ್ಜನ ಹೆಸರು ಹೇಳಲಿಕ್ಕೆ ಹತ್ತಿದ್ದ. ಅಂಬುಬಾಯಿ ಅಡಗಿ ಮನಿ ಹೊಸ್ತಿಲ ಹತ್ತಿರ ಮಣಿ ಮ್ಯಾಲ ಕೂತು ಸೊಸಿಯನ್ನ ನೋಡಕೋತ ಇದ್ದರು. ಇಡೀ ಮುಂಜಾನಿ ನೋಡಕೋತ ಇದ್ದರು.

ಏಳನೇ ವಡಿಯೋ ಎಂಟನೇದೋ ಎಣ್ಣ್ಯಾಗ ಬಿಡೂಮುಂದ ಕಾಲಗುಂಟ ಬಿಸಿ ಇಳದದ್ದು ಸುಮೇಧಾಗ ತಿಳೀತು. ಕೆಳಗ ನೋಡಿದಳು. ಒದ್ದಿ ಸೀರಿಯ ನೀರು ಅಲ್ಲ ಅದು. ವಡಿ ತಗಿಯೋ ಝಾರಿ ಕೆಳಗಿಟ್ಟು, ಸ್ಟೋವ್ ಆರಿಸಿದಳು. ಅಷ್ಟು ಶಾಣ್ಯಾತನ ಅದೆಲ್ಲಿಂದ ಬಂತೋ, ಎಣ್ಣಿ ಮೈಮ್ಯಾಲ ಬೀಳಬಾರದಂತ ಹಿಂದಕ್ಕ ಸರದಳು. ಆಮ್ಯಾಲ ನೆಲ ಎದ್ದು ಬಂದು ಗದ್ದಕ್ಕ ಬಡೀತು.

"ಯಾರೂ ಮುಟ್ಟಬ್ಯಾಡ್ರಿ, ಮಡಿಯೊಳಗಿದ್ದೀರಿ, ಅರ್ಧಕ್ಕ ಏಳಬಾರದು" ಅಂತ ಪಡಸಾಲಿಯಿಂದ ಆಚಾರ್ಯರ ದನಿ ಬಂತು. ಅವರಿಗೆ ಏನಾಗ್ಯದಂತ ಗೊತ್ತಿದ್ದಿಲ್ಲ, ಪಾಪ. ಸಂಕರ್ಷಣ ಅರ್ಧ ಎದ್ದು ಅಲ್ಲೇ ನಿಂತಿದ್ದ, ಕೈಯಾಗ ಎಳ್ಳು ಹಿಡಕೊಂಡು. ಸುಮೇಧಾಗ ನೆಲದ ಮಟ್ಟಕ್ಕ ಕಂಡದ್ದು ಎರಡು ಸೊಟ್ಟ ಪಾದ. ಮುದುಕಿ ಕೋಲು ಬಿಟ್ಟು, ಮಂಡಿ ಊರಿಕೋತ ಆ ರಕ್ತದಾಗೇ ಬಂದು ಕೂತರು. ಸೊಸಿ ತಲಿ ಎತ್ತಿ ತೊಡಿ ಮ್ಯಾಲ ಇಟ್ಟಕೊಂಡರು.

ಗೊತ್ತಾತು, ಅತ್ತಿಗೆ ಎಲ್ಲಾ ಗೊತ್ತಾತು ಅಂತ ಸುಮೇಧಾ ಕಣ್ಣು ಮುಚ್ಚಿದಳು. ಸಾವಿಗಿಂತ ಆ ಅಂಜಿಕಿನೇ ದೊಡ್ಡದಿತ್ತು.

"ಸಂಕರ್ಷಣಾ!" ಅಂಬುಬಾಯಿ ಒದರಿದರು. ಆ ಮನ್ಯಾಗ ಅವರು ಅಷ್ಟು ಜೋರು ಒದರಿದ್ದು ಯಾರೂ ಕೇಳಿದ್ದಿಲ್ಲ. "ಪವಿತ್ರ ತಗದು ಬಿಸಾಕು. ಮಲಿಕಸಾಬನ ಗಾಡಿ ತರಸು!"

ಬಾಜೂ ಮನಿ ಮಲಿಕಸಾಬ ಕಾರು ತಂದ. ಅವನೂ ಸಂಕರ್ಷಣನೂ ಕೂಡಿ ಎತ್ತಿ ಹಿಂದಿನ ಸೀಟಿನ್ಯಾಗ ಮಲಗಿಸಿದರು. ಮಡಿಸೀರಿಯೊಳಗೇ ಮುದುಕಿ ಒಳಗ ತೂರಿಕೊಂಡು ತೊಡಿ ಕೊಟ್ಟು ಕೂತರು. ಸಂಕರ್ಷಣ ಚೀಲ ಕೆದರಿ ಆ ಚೀಟಿ ಹುಡಕಿ, ಡಾಕ್ಟರಿಗೆ ಫೋನ್ ಹಚ್ಚಿದ. ದಾರ್ಯಾಗ ಸುಮೇಧಾಗ ಆಗೊಮ್ಮೆ ಈಗೊಮ್ಮೆ ಎಚ್ಚರ ಆಗತಿತ್ತು. "ಅತ್ಯಾ, ತಪ್ಪಾತು" ಅಂತ ತುಟಿ ಅಲಗಿಸಿದಳು. ಮುದುಕಿ ಆಕಿ ಗದ್ದದ ರಕ್ತ ಸೆರಗಿಲೆ ಒರಸಿಕೋತ ಇದ್ದರು.

ದವಾಖಾನ್ಯಾಗ ಬಾಟಲಿ ತೂಗು ಹಾಕಿದರು, ಕೈಗೆ ಸೂಜಿ ಚುಚ್ಚಿದರು. ಸುಮೇಧಾಗ ಮೈಯೆಲ್ಲಾ ಐಸಿನ್ಯಾಗ ಇಟ್ಟಂಗ ಆಗಿತ್ತು. ಕಣ್ಣು ತೆರಿಯಲಿಕ್ಕೆ ಆಗವಲ್ದು, ಕಿವಿ ಮಾತ್ರ ಕೇಳತಿದ್ದವು.

"ಮೊನ್ನೆ ಇವರು ಎರಡೇ ಸಲ ಗುಳಗಿ ತೊಗೊಂಡೇನಿ ಅಂದ್ರು" ಡಾಕ್ಟರ್ ವಿಜಯಶ್ರೀ ದನಿ ಅವಸರದಾಗಿತ್ತು. "ಎರಡು ಸಲಕ್ಕ ಹಿಂಗ ಆಗಿರಲಿಕ್ಕಿಲ್ಲ. ಖರೆ ಎಷ್ಟು? ಯಾವಾಗಿಂದ? ಏನ್ ಔಷಧ ಕೊಡಬೇಕಂತ ನಾ ಈಗ ತೀರ್ಮಾನ ಮಾಡಬೇಕು. ಮಾಸ್ತರ, ಹೇಳ್ರಿ."

"ನನಗ... ನನಗ ಗೊತ್ತಿಲ್ಲರಿ" ಅಂದ ಸಂಕರ್ಷಣ. ಸಾಲಿಯ ಎಲ್ಲಾ ಹುಡುಗರ ಮಾರ್ಕು ಬಾಯಿಲೆ ಹೇಳೋ ಮನಿಷಾ.

ಆಮ್ಯಾಲ ಕೋಲಿಲ್ಲದ ಕಾಲು ನೆಲದ ಮ್ಯಾಲ ಎಳಕೋತ ಬಂದ ಸಪ್ಪಳ.

"ನಾ ಹೇಳತೀನಿ, ಬರಕೋರಿ" ಅಂದರು ಅಂಬುಬಾಯಿ. "ಕ್ಯಾಲೆಂಡರ್ ಇದ್ರ ಕೈಯಾಗ ಹಿಡಕೋರಿ. ಹ್ವಾದ ವರ್ಷದ ಹಿಂದಿನ ವರ್ಷ, ಕಾರ್ತೀಕ ಶುದ್ಧ ದಶಮಿಗೆ ಮೊದಲನೇ ಗುಳಗಿ. ದ್ವಾದಶಿಗೆ ತುಳಸಿ ಲಗ್ನ ಇತ್ತು. ಪೌರ್ಣಿಮಿ ಮುಗದು ಬಹುಳ ತದಿಗಿಗೆ ಸುರುವಾತು, ಒಂಬತ್ತು ದಿನ. ಮಾಘದಾಗ ರಥಸಪ್ತಮಿಗೆ ಹತ್ತು ಗುಳಗಿ, ಆಮ್ಯಾಲ ಹನ್ನೊಂದು ದಿನ. ಯುಗಾದಿಗೆ ಸುರು ಮಾಡಿದಾಕಿ ರಾಮನವಮಿ ತನಕ ಬಿಡಲಿಲ್ಲ..."

ಬಟ್ಟಿನ ಗೆಣ್ಣು ಎಣಿಸಿಕೋತ ಮುದುಕಿ ಹೇಳಿದರು. ತಿಥಿ ಮ್ಯಾಲ ತಿಥಿ. ಒಂದೂ ತಪ್ಪಲಿಲ್ಲ. ಹಿಂದ ಹಾಳಿ ಹೊಳ್ಳಿಸೋ ಸಪ್ಪಳ, ಪೆನ್ನಿನ ಸಪ್ಪಳ. ಸುಮೇಧಾ ತಾನೇ ಮರತ ತಿಥಿಗಳೂ ಅದರೊಳಗಿದ್ದವು.

"ಅಜ್ಜಿ, ನಿಮಗ ಹೆಂಗ ಗೊತ್ತು?"

"ಖಾಲಿ ಪಾಕೀಟು ಕಡ್ಲಿಬ್ಯಾಳಿ ಡಬ್ಬಿಯೊಳಗ ಮುಚ್ಚಿ ಇಡತಿದ್ದಳು. ನಾನೂ ನಲವತ್ತು ವರ್ಷ ಹೊರಗ ಕೂತ ಹೆಂಗಸೇ ಅಲ್ಲೇನು? ಮುಖದಾಗ ರಕ್ತ ಇಲ್ಲದ್ದು ಕಾಣೂದಿಲ್ಲೇನು? ನಿನ್ನೆ ಸಂಜೀಕ ಹೇಳಲಿಕ್ಕೆ ಬಂದಿದ್ದಳು. ನಾನೇ ಹೇಳಗೊಡಲಿಲ್ಲ."

"ಅವ್ವಾ!" ಸಂಕರ್ಷಣನ ದನಿ ಒಡೀತು. "ಗೊತ್ತಿದ್ದು ಯಾಕ ಸುಮ್ಮನಿದ್ದಿ?"

"ಬಾಯಿ ತಗದ್ರ ಆಕಿ ಹೊರಗ ಕೂಡಬೇಕು, ನಾ ಮತ್ತ ಹಾಲು-ಬಾಳಿಹಣ್ಣು ತಿನ್ನಬೇಕು. ಮಡಿ ಬಿಡಲಿಕ್ಕೆ ಧೈರ್ಯ ಬರಲಿಲ್ಲ, ಹಸಿವಿ ತಡಕೊಳ್ಳಲಿಕ್ಕೂ ಆಗಲಿಲ್ಲ. ಹದಿನಾರು ದಿನ ನೋಡೀನಲ್ಲೋ ಅದನ್ನ." ಮುದುಕಿ ಉಸಿರು ಎಳಕೊಂಡರು. "ಆಕಿಗೆ ಗೊತ್ತಾಗಲಾರದಂಗ ಎಣಿಸಿಕೋತ ಕೂತೆ. ಬಡಿಸಿದ್ದು ಉಂಡೆ."

ಡಾಕ್ಟರ್ ಪೆನ್ನು ನಿಂತಿತು.

ಸುಮೇಧಾ ಕಣ್ಣು ತೆರದಳು. ಎರಡು ವರ್ಷ ಆಕಿ ಯಾರಿಗಂಜಿ ಸಾಯಲಿಕ್ಕೆ ತಯಾರಾಗಿದ್ದಳೋ ಆ ಮುದುಕಿ, ಒಣಗಿದ ರಕ್ತದ ಸೀರ್ಯಾಗ ಮಂಚದ ಸರಳು ಹಿಡಕೊಂಡು ನಿಂತಿದ್ದರು. ಅಂಬುಬಾಯಿ ಆಕಿ ಕಡೆ ನೋಡಲಿಲ್ಲ, ಡಾಕ್ಟರ್ ಕೈಯಾಗಿನ ಕಾಗದ ನೋಡಿದರು.

"ಯಾಕ ನಿಲ್ಲಿಸಿದ್ರಿ?" ಅಂದರು. "ಬರಕೋರಿ. ಅತ್ತಿ ಗೊತ್ತಿದ್ದೂ ಉಂಡಳು ಅಂತ ಅದನ್ನೂ ಬರಕೋರಿ."