ಹನ್ನೊಂದನೆಯ ದಾರ

ದರ್ಜಿಯ ಹೆಂಡತಿಗೆ ಗಂಟು ಹಾಕುವುದು ನೀರು ಕುಡಿದಷ್ಟು ಸಲೀಸು. ಆ ಕೈಚಳಕ ಕಂಡೇ ಪ್ರಯೋಗಾಲಯದವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಅಲ್ಲಿ ಬಾಹ್ಯಾಕಾಶ ದೂರದರ್ಶಕಕ್ಕೆ ಒಂದು ಉಪಕರಣ ತಯಾರಾಗುತ್ತಿತ್ತು. ನಕ್ಷತ್ರಗಳು ಹುಟ್ಟುವ ತಣ್ಣನೆಯ ಧೂಳಿನಿಂದ ಹೊಮ್ಮುವ, ಕಣ್ಣಿಗೆ ಕಾಣದ ಮಂದ ಶಾಖದ ಚಿತ್ರವನ್ನು ಅದು ಹಿಡಿಯಬೇಕು, ಎಳೆ ಎಳೆಯಾಗಿ ಬಿಡಿಸಿ ಅಲ್ಲಿ ಯಾವ ಅನಿಲವಿದೆಯೆಂದೂ ಹೇಳಬೇಕು. ತಾನೇ ಬೆಚ್ಚಗಿದ್ದರೆ ಅಷ್ಟು ಸಣ್ಣ ಬಿಸಿ ತಿಳಿಯುವುದೆಲ್ಲಿ? ಅದಕ್ಕೇ ಅದರ ಕಣ್ಣಿರುವ ಪುಟ್ಟ ಪೆಟ್ಟಿಗೆಯನ್ನು ಸುತ್ತಲಿನ ಗೋಡೆಗೆ ತಾಗಿ ಬಿಸಿ ಹತ್ತದಂತೆ ಹದಿನಾರು ದಾರಗಳಲ್ಲಿ ತೂಗುಹಾಕಿ, ಕೊರೆಯುವ ಚಳಿಯಲ್ಲಿ ಇಡುತ್ತಿದ್ದರು. ಆ ದಾರ ಕಟ್ಟುವವಳು ಇವಳು.

ಚಳಿ ಹುಟ್ಟಿಸುವ ಎಂಜಿನಿಯರಿಗೆ ಚಳಿ ಮೇಷ್ಟ್ರು ಎಂದೇ ಹೆಸರು. ಲೋಕವೆಲ್ಲ ಬೆವರುವಾಗಲೂ ಸ್ವೆಟರ್ ಬಿಡದ ಆಸಾಮಿ. ಪರೀಕ್ಷೆಯಲ್ಲಿ ಪೆಟ್ಟಿಗೆ ಬೇಕಾದಷ್ಟು ತಣ್ಣಗಾಗದೆ ನಿಂತಾಗ ಅವರು ಮೂರು ದಿನ ತಲೆ ಕೆರೆದುಕೊಂಡರು. ವೈರಿನ ತಪ್ಪು ಎಂದರು ಕೆಲವರು, ಪಂಪಿನದು ಎಂದರು ಇನ್ನು ಕೆಲವರು.

ಅವಳಿಗೆ ಮಾತ್ರ ತನ್ನ ದಾರದ ಮೇಲೆಯೇ ಅನುಮಾನ. ಚಳಿಗೆ ಎಲ್ಲವೂ ಕುಗ್ಗಿದರೆ ಈ ದಾರ ಮಾತ್ರ ಕೂದಲೆಳೆಯಷ್ಟು ಉದ್ದವಾಗುತ್ತದೆ. ಹಾಗಾಗಿ ಪ್ರತಿ ದಾರದ ಬಿಗಿಯನ್ನೂ ಎರಡು ಸಲ ಅಳೆಯಬೇಕು. ಮಗಳಿಗೆ ಹೆರಿಗೆ ನೋವು ಶುರುವಾದ ಸುದ್ದಿ ಬಂದ ದಿನ ಅವಳು ಹನ್ನೊಂದನೆಯದನ್ನು ಒಂದೇ ಸಲ ಅಳೆದು, ಅಳತೆಯ ಹಾಳೆಯಲ್ಲಿ ಎರಡು ಸಲ ಅಳೆದಂತೆ ಎರಡು ಗೀಟು ಹಾಕಿ ಆಸ್ಪತ್ರೆಗೆ ಓಡಿದ್ದಳು.

ಉಪಕರಣವನ್ನು ಬಿಚ್ಚಿ, ಮತ್ತೆ ತಣಿಸಲು ಮೂರು ವಾರ ಬೇಕು. ಬಿಚ್ಚಿದ ಮೇಲೆ ದಾರ ಸರಿಯಿದ್ದರೆ? ಮೂರು ವಾರವೂ ದಂಡ, ಮಾನವೂ ಹೋಯಿತು. ಸಂಜೆ ಗಂಡನಿಗೆ ಹೇಳಿದಳು. ಅವನು ಅಂಗಿಗೆ ಗುಂಡಿ ಹಚ್ಚುತ್ತಿದ್ದ.

"ಹೊಲಿಗೆ ತಪ್ಪಿದ್ರೆ ಬಿಚ್ಚಲೇಬೇಕು ಕಣೇ," ಎಂದ. "ಇಸ್ತ್ರಿ ಹಾಕಿದ್ರೆ ಸರಿಹೋಗಲ್ಲ."

ಬೆಳಿಗ್ಗೆ ಅವಳು ಮೇಷ್ಟ್ರ ಮೇಜಿನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೇಷ್ಟ್ರು ಹಾಳೆ ತರಿಸಿ ಆ ಎರಡು ಗೀಟುಗಳನ್ನು ನೋಡಿದರು.

"ಈಗ ಹೇಳಿದ್ರಿ, ಒಳ್ಳೇದಾಯ್ತು ಅಕ್ಕಾ. ಮೇಲೆ ಹೋದ್ಮೇಲೆ ಗೊತ್ತಾಗಿದ್ರೆ ಬಿಚ್ಚೋಕೆ ಯಾರು ಹೋಗ್ತಿದ್ರು?"

ಬಿಚ್ಚಿದರು. ಹನ್ನೊಂದನೆಯ ದಾರ ಸಡಿಲವಾಗಿತ್ತು. ಪೆಟ್ಟಿಗೆಯ ಮೂಲೆಯಲ್ಲಿ, ಗೋಡೆಗೆ ತಾಗಿದ ಕಡೆ, ಸಾಸಿವೆ ಕಾಳಿನಷ್ಟು ಗೀರು. ಪ್ರಯೋಗಾಲಯದ ಮುಖ್ಯಸ್ಥರು ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು; ಅವಳು ಸಹಿ ಹಾಕಿದಳು. ಮತ್ತೆ ಕಟ್ಟಲು ಬೇರೆಯವರನ್ನು ಹುಡುಕೋಣ ಎಂದು ಅವರು ಹೇಳಿದಾಗ ಮೇಷ್ಟ್ರು ಒಪ್ಪಲಿಲ್ಲ. ತಪ್ಪು ಒಪ್ಪಿಕೊಂಡ ಕೈಗಿಂತ ನಂಬಿಕೆಯ ಕೈ ಬೇರೆ ಸಿಗದು ಎಂದುಬಿಟ್ಟರು.

ಮೊದಲ ಗಂಟನ್ನು ಅವಳು ಎರಡು ಸಲ ಬಿಚ್ಚಿ ಕಟ್ಟಿದಳು. ಪಕ್ಕದಲ್ಲಿ ನಿಂತ ಮೇಷ್ಟ್ರು ಅವಸರ ಮಾಡಲಿಲ್ಲ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ತನ್ನ ಲಯಕ್ಕೆ ಮರಳಿತ್ತು.

ಮೂರು ವಾರಕ್ಕೆ ಪೆಟ್ಟಿಗೆ ಬೇಕಾದಷ್ಟು ತಣ್ಣಗಾಗಿ ಅಲ್ಲೇ ನಿಂತಿತು. ಪರೀಕ್ಷೆಗೆಂದು ಎದುರಿಗೆ ಒಂದಿಷ್ಟು ನೀರಾವಿ ಬಿಟ್ಟರು. ಪರದೆಯ ಮೇಲೆ ನೀರಿನ ಗುರುತಾಗಿ ಸೂಜಿಯಂಥ ಒಂದು ಗೆರೆ ಎದ್ದಿತು. ಮೇಷ್ಟ್ರು ಅವಳನ್ನು ಕರೆಸಿ ತೋರಿಸಿದರು.

"ಅಷ್ಟು ದೂರದ ಧೂಳಲ್ಲೂ ನೀರಿರುತ್ತಾ?" ಎಂದು ಕೇಳಿದಳು.

"ಇದ್ರೆ ಇದು ಹೇಳುತ್ತೆ."

ಅವಳು ತನ್ನ ಮೇಜಿಗೆ ಹೋಗಿ ಅಳತೆಯ ಹೊಸ ಹಾಳೆ ತಯಾರಿಸಿದಳು. ಎರಡನೆಯ ಸಲ ಅಳೆದು ಸಹಿ ಹಾಕುವವರು ದಾರ ಕಟ್ಟಿದವರಾಗಿರಬಾರದು, ಬೇರೆಯವರೇ ಆಗಿರಬೇಕು ಎಂದು ಮೇಲೆಯೇ ದಪ್ಪಕ್ಷರದಲ್ಲಿ ಬರೆದಳು.