ಸೊಪ್ಪು ಕೇಳಿದ ಕ್ಯಾಸೆಟ್ಟು

ರಿಕರ್ಷನ್ ಎಂಬುದನ್ನು, ಅಂದರೆ ಒಂದು ಲೆಕ್ಕ ಉತ್ತರಕ್ಕಾಗಿ ತನ್ನನ್ನೇ ತಾನು ಕೇಳಿಕೊಳ್ಳುವ ಕಂಪ್ಯೂಟರ್ ವಿದ್ಯೆಯನ್ನು, ಈ ಪ್ರಪಂಚದಲ್ಲಿ ಮೊದಲು ಕಂಡುಹಿಡಿದವನು ನಾನು. ಮಾಲೂರು ಬಸ್ ಸ್ಟ್ಯಾಂಡಿನಲ್ಲಿ, ನಿಂತುಕೊಂಡೇ, ಒಂದು ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು. ಅಮೆರಿಕದವರು ನನಗಿಂತ ಎಷ್ಟೋ ವರ್ಷ ಮೊದಲೇ ಅದರ ಮೇಲೆ ಪುಸ್ತಕ ಬರೆದುಬಿಟ್ಟಿದ್ದರೆ ಅದು ಅವರ ಅವಸರವೇ ಹೊರತು ನನ್ನ ತಪ್ಪಲ್ಲ. ನನ್ನ ಹೆಸರು ಕೋದಂಡರಾಮಪ್ಪ, ಕೋಲಾರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನನ್ನ ಕ್ಲಾಸಿನಲ್ಲಿ ಫೇಲಾದವರು ಬೇರೆ ಜಿಲ್ಲೆಗೆ ಹೋದರೆ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಿದ್ದರು.

ಅದಿರಲಿ. ನಾನು ಹೇಳಹೊರಟಿದ್ದು ಮಟಮಟ ಮಧ್ಯಾಹ್ನ ಬರುತ್ತಿದ್ದ ದೆವ್ವದ ಸಂಗತಿ.

ಅದು ಎಂಬತ್ತೇಳರ ಬೇಸಿಗೆ ರಜ. ಕ್ಲಾಕ್ ಟವರಿನಿಂದ ಕೂಗಳತೆಯಲ್ಲಿ, ಒಂದು ಮಹಡಿಯ ಮೇಲೆ, ಕೊಂಡಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕೊಂಡಪ್ಪ ಶ್ರೀನಿವಾಸಪುರದ ಮಾವಿನತೋಪಿನವನು. ಸಿಟ್ಟು ಬಂದರೆ ತೆಲುಗು ಮಾತಾಡುತ್ತಿದ್ದ, ಹೆದರಿದರೆ ಇನ್ನೂ ಒಳ್ಳೆಯ ತೆಲುಗು ಮಾತಾಡುತ್ತಿದ್ದ. ಬೆಂಗಳೂರಿನಲ್ಲಿ ಯಾರಿಗೋ ಬೇಡವಾದ ಕಂಪ್ಯೂಟರೊಂದನ್ನು ತಂದು ಹಿಂದಿನ ಕೋಣೆಯಲ್ಲಿ ಇಟ್ಟಿದ್ದ. ಪರದೆಯ ಬದಲು ಕಪ್ಪುಬಿಳುಪು ಟಿವಿ, ಪ್ರೋಗ್ರಾಂ ತುಂಬಲು ಟೇಪ್ ರೆಕಾರ್ಡರು. ಒಂದು ಕ್ಯಾಸೆಟ್ಟು ಲೋಡ್ ಆಗುವಷ್ಟರಲ್ಲಿ ಮುಳಬಾಗಿಲಿಗೆ ಹೋಗಿ ದೋಸೆ ತಿಂದು ಬರಬಹುದಿತ್ತು. ನಾನು ಎರಡು ಸಲ ಹೋಗಿಬಂದಿದ್ದೇನೆ.

ಅಲ್ಲಿ ಸೇರುತ್ತಿದ್ದವರು ಕೊಂಡಪ್ಪ, ನಾನು, ನನ್ನ ಸ್ಕೂಲಿನಲ್ಲೇ ಲೆಕ್ಕ ಹೇಳುತ್ತಿದ್ದ ಶ್ಯಾಮಲಮ್ಮ, ಆಕೆಯ ತಮ್ಮ ಶ್ರೀನಿವಾಸಪ್ಪ. ಅಕ್ಕ ತಮ್ಮ ಇಬ್ಬರೂ ತಾಯಲೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಶ್ರೀನಿವಾಸಪ್ಪ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ರೇಷ್ಮೆಹುಳು ಮೇಯಿಸುತ್ತಿದ್ದ. ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯ ಕ್ಯಾಸೆಟ್ಟನ್ನು ಎಲ್ಲಿಂದಲೋ ಸಂಪಾದಿಸಿ ತಂದವನು ಅವನೇ. ಅವರ ಕಡೆಯ ರೇಷ್ಮೆ ಬೆಳೆಗಾರರಿಗಾಗಿ ನಾವು ಒಂದು ಪ್ರೋಗ್ರಾಂ ಮಾಡುತ್ತಿದ್ದೆವು. ಇಷ್ಟು ಮೊಟ್ಟೆ (ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಕಂತೆಗೆ ಅಲ್ಲಿ ಒಂದು ಮೊಟ್ಟೆ ಎಂದೇ ಲೆಕ್ಕ) ಮೇಯಿಸಿದರೆ, ಹುಳು ಇಷ್ಟು ದೊಡ್ಡದಾದಾಗ, ದಿನಕ್ಕೆ ಎಷ್ಟು ಮಂಕರಿ ತುಂಬ ಹಿಪ್ಪುನೇರಳೆ ಸೊಪ್ಪು ಬೇಕು ಎಂದು ಅದು ಹೇಳಬೇಕಾಗಿತ್ತು. ಹುಳು ಬೆಳೆಯುತ್ತಾ ನಾಲ್ಕು ಸಲ ಪೊರೆ ಕಳಚುತ್ತದೆ. ಅದಕ್ಕೆ ನಮ್ಮ ಸೀಮೆಯಲ್ಲಿ ಜ್ವರ ಎನ್ನುತ್ತಾರೆ.

ಪ್ರೋಗ್ರಾಮನ್ನು ಲಿಸ್ಪಿನಲ್ಲಿ ಬರೆಯಬೇಕೋ, ಹಳೆಯ ಬೇಸಿಕ್ ಭಾಷೆಯಲ್ಲೋ ಎಂದು ದಿನಾ ಜಗಳ. "ಬೇಸಿಕ್ಕಿಗೆ ಏನು ರೋಗ ಬಂದಿದೆಯೋ?" ಎಂದು ಕೊಂಡಪ್ಪ ಶುರುಮಾಡುತ್ತಿದ್ದ. "ಹೋಗು ಅಂದ್ರೆ ಹೋಗ್ತದೆ, ಬಾ ಅಂದ್ರೆ ಬರ್ತದೆ. ನಿನ್ನ ಲಿಸ್ಪು ಚೂಡು, ಎಲ್ಲಿ ನೋಡಿದ್ರೂ ಬ್ರಾಕೆಟ್ಟು. ಬಳೆ ಮಲಾರ ಒಡೆದು ಬಿದ್ದಂಗೈತೆ!"

"ಕೊಂಡಪ್ಪಣ್ಣ, ಬೇಸಿಕ್ಕಲ್ಲಿ ನೀನು ಇಲ್ಲಿಟ್ಟಿದ್ದನ್ನ ಅಲ್ಲಿ ಇನ್ಯಾರೋ ಬದಲಾಯಿಸಿರ್ತಾರೆ. ತಪ್ಪಾದ್ರೆ ಎಲ್ಲಿ ಹುಡುಕ್ತೀಯ? ನನ್ನ ಫಂಕ್ಷನ್ನಿಗೆ ಹೊಟ್ಟೇನೇ ಇಲ್ಲ, ಒಳಗೆ ಏನೂ ಬಚ್ಚಿಟ್ಕೊಳ್ಳಲ್ಲ. ಇವತ್ತು ಕೇಳಿದ್ದನ್ನೇ ಮುಂದಿನ ವರ್ಷ ಕೇಳು, ಅದೇ ಉತ್ತರ," ಎನ್ನುತ್ತಿದ್ದ ಶ್ರೀನಿವಾಸಪ್ಪ. ಪ್ರೋಗ್ರಾಮಿನ ಒಂದೊಂದು ಲೆಕ್ಕದ ತುಂಡಿಗೂ ಅವನು ಫಂಕ್ಷನ್ ಎನ್ನುತ್ತಿದ್ದ.

"ಜಾಗ ಸಾಲಲ್ಲ ಕಣೋ," ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ. "ನಾಲ್ಕನೇ ಜ್ವರದ ಲೆಕ್ಕ ಮೂರನೇದನ್ನ ಕೇಳ್ತದೆ, ಮೂರನೇದು ಎರಡನೇದನ್ನ. ಈ ಡಬ್ಬಿ ತುಂಬಿಹೋಗ್ತದೆ."

"ಅಲ್ಲೀವರ್ಗಿನ ಮೊತ್ತಾನ ಜೊತೇಲೇ ಕೊಟ್ಟು ಕಳಿಸೋ," ಎಂದು ಶ್ಯಾಮಲಮ್ಮ ತಮ್ಮನಿಗೆ ಹೇಳುತ್ತಿದ್ದಳು. "ವಾಪಸ್ ಬಂದು ಕೂಡೋ ಕೆಲಸ ಇರಲ್ಲ."

"ಈ ಲಿಸ್ಪಿಗೆ ಅಷ್ಟು ಬುದ್ಧಿ ಇಲ್ಲಕ್ಕ, ಹಂಗೆ ಕಳಿಸಿದ್ರೂ ಜಾಗ ತಿನ್ನುತ್ತೆ. ಇರ್ಲಿ ಬಿಡು, ನಾಲ್ಕು ಮೆಟ್ಲು ಹತ್ತೋದ್ರಲ್ಲಿ ಯಾರೂ ಸಾಯಲ್ಲ."

ಹೀಗೆ ಒಂದೊಂದೇ ಫಂಕ್ಷನ್ ಸೇರಿ ಲೈಬ್ರರಿ ಎಂಬ ಕಂತೆಯಾಯಿತು, ಒಂದು ಕ್ಯಾಸೆಟ್ಟಿನಲ್ಲಿ ಕೂತಿತು. ಇನ್ನೊಂದಕ್ಕೆ ಕಾಪಿ ಮಾಡಲು ಹೋದಾಗಲೆಲ್ಲ ಕೊಂಡಪ್ಪನ ರೆಕಾರ್ಡರು ಅರ್ಧದಲ್ಲಿ ಕೈಕೊಡುತ್ತಿತ್ತು. ಹಾಗಾಗಿ ಇದ್ದದ್ದು ಅದೊಂದೇ. ಲೋಡ್ ಆದ ಕೂಡಲೇ ಒಂದು ಸಾಕ್ಷಿ ಪ್ರಶ್ನೆ ಕೇಳಬೇಕು, ಅದು ಶ್ರೀನಿವಾಸಪ್ಪನ ಕಟ್ಟಳೆ. ನೂರು ಮೊಟ್ಟೆ, ಮೂರನೇ ಜ್ವರ ಮುಗಿಸಿ ಎದ್ದ ಹುಳು, ಎಷ್ಟು ಸೊಪ್ಪು? ಒಂಬತ್ತು ಮಂಕರಿ. ಒಂಬತ್ತು ಬಂದರೆ ಎಲ್ಲ ನೆಟ್ಟಗಿದೆ, ಕೆಲಸ ಶುರು.

ರಜದ ನಡುವೆ ಶ್ರೀನಿವಾಸಪ್ಪನಿಗೆ ಕಾಮಾಲೆಯಾಯಿತು. ಊರ ಔಷಧಿ, ಆಸ್ಪತ್ರೆ ಎಂದು ಓಡಾಡುವಷ್ಟರಲ್ಲೇ ತೀರಿಕೊಂಡ.

ಸೂತಕ ಕಳೆದ ಮೇಲೆ ಶ್ಯಾಮಲಮ್ಮ ಬಂದಳು. ಕೊಂಡಪ್ಪ ಕ್ಯಾಸೆಟ್ಟು ಹಾಕಿದ. ಆಕೆಯೇ ಸಾಕ್ಷಿ ಪ್ರಶ್ನೆ ಟೈಪ್ ಮಾಡಿದಳು.

ಹತ್ತು.

"ತಪ್ಪು ಒತ್ತಿದ್ದೀರಿ," ಎಂದೆ. ಮತ್ತೆ ಕೇಳಿದಳು. ಹತ್ತು. ಯಂತ್ರ ಆರಿಸಿ, ಹೊಸದಾಗಿ ಲೋಡ್ ಮಾಡಿ ಕೇಳಿದೆವು. ಹತ್ತು. ಮಾರನೆಯ ದಿನ ಹನ್ನೊಂದು.

"ಟೇಪಿನ ಹೆಡ್ಡು ಕೊಳೆಯಾಗಿದೆ," ಎಂದು ನಾನು ತೀರ್ಪು ಕೊಟ್ಟೆ.

"ಹೆಡ್ಡು ಕೊಳೆಯಾದ್ರೆ ಲೋಡೇ ಆಗಲ್ಲ, ಮೇಷ್ಟ್ರೇ," ಎಂದಳು ಶ್ಯಾಮಲಮ್ಮ. "ಸೊಪ್ಪು ಜಾಸ್ತಿ ಕೇಳಲ್ಲ."

ಆದರೂ ಸ್ಪಿರಿಟ್ ಹಚ್ಚಿ ಒರೆಸಿದೆವು. ಫಂಕ್ಷನ್ನನ್ನು ಪರದೆಯ ಮೇಲೆ ತಂದು ಬ್ರಾಕೆಟ್ಟು ಬ್ರಾಕೆಟ್ಟು ಓದಿದೆವು. ಎಲ್ಲೂ ಏನೂ ಬಚ್ಚಿಟ್ಟಿರಲಿಲ್ಲ. ಶ್ರೀನಿವಾಸಪ್ಪ ಬರೆದದ್ದು ಬರೆದ ಹಾಗೇ ಇತ್ತು. ಅದಕ್ಕೆ ನಿನ್ನೆಯ ನೆನಪಿಲ್ಲ, ನಾಳೆಯ ಸುದ್ದಿ ಗೊತ್ತಿಲ್ಲ. ಆದರೂ ಮೂರನೆಯ ದಿನ ಹದಿಮೂರು ಎಂದಿತು.

ಇನ್ನೊಂದು ಸಂಗತಿ. ಆ ಕ್ಯಾಸೆಟ್ಟಿನಲ್ಲಿ ಒಂದು ಫಂಕ್ಷನ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಖಾಲಿ ಟೇಪು ಓಡುತ್ತದಲ್ಲ, ಅಲ್ಲಿ ಮೊದಲು ಬರೀ ಮೌನವಿತ್ತು. ಈಗ ಸಣ್ಣ ಸದ್ದು ಬರುತ್ತಿತ್ತು. ಒಣಗಿದ ಎಲೆಯ ಮೇಲೆ ಸೋನೆಮಳೆ ಬಿದ್ದಂತೆ ಚರಚರ. ಹೊರಗೆ ಕಿಟಕಿಯ ಸರಳೂ ಸುಡುವ ಬಿಸಿಲು. ಶ್ಯಾಮಲಮ್ಮ ಕಿವಿಗೊಟ್ಟು ಕೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹುಳು ಮೇಯೋ ಸದ್ದು," ಎಂದಳು.

ಆಮೇಲೆ ತಾನಾಗಿಯೇ ಹೇಳಿದಳು. ಶ್ರೀನಿವಾಸಪ್ಪ ತೀರಿಕೊಂಡಾಗ ಮನೆಯಲ್ಲಿ ನೂರು ಮೊಟ್ಟೆಯ ಹುಳು ಇತ್ತು, ಮೂರನೇ ಜ್ವರ ಎದ್ದಿತ್ತು. ಸೂತಕದವರು ಹುಳುಮನೆಗೆ ಕಾಲಿಡಬಾರದು, ಅದು ಅವರಲ್ಲಿ ಮೀರದ ಕಟ್ಟು. ಬಾಗಿಲು ಎಳೆದುಕೊಂಡರು. "ಪಕ್ಕದ ಮನೆ ಆಂಜಿನಮ್ಮನ್ನ ಕರೆದಿದ್ರೆ ಸೊಪ್ಪು ಹಾಕೋರು. ಯಾರಿಗೂ ನೆನಪೇ ಆಗಲಿಲ್ಲ, ನನಗೂ. ಬಾಗಿಲು ತೆಗೆದಾಗ ತಟ್ಟೆ ತಟ್ಟೆಗಳಲ್ಲೂ ಎಲ್ಲಾ ಕರ್ರಗೆ ಸತ್ತುಬಿದ್ದಿದ್ವು."

ನನಗೆ ಹೆದರಿಕೆ ಎಂದರೆ ಏನೆಂದೇ ಗೊತ್ತಿಲ್ಲ. ಬೆವರಿದ್ದು ಸೆಖೆಗೆ. ಮೆಟ್ಟಿಲನ್ನು ನಾಲ್ಕು ನಾಲ್ಕಾಗಿ ಇಳಿದದ್ದು ವ್ಯಾಯಾಮಕ್ಕೆ.

ಮಾರನೆಯ ದಿನ ಕೇಳಿದರೆ ಒಂಬತ್ತು! ಸರಿಯಾದ ಒಂಬತ್ತು. ಟೇಪಿನಲ್ಲಿ ಸದ್ದೂ ಇಲ್ಲ. ಕೊಂಡಪ್ಪ ಕುಣಿದಾಡಿ, ಮಾವಿನಹಣ್ಣು ತರಿಸಿ, ಟೈಪಿಂಗಿಗೆ ಬಂದಿದ್ದವರಿಗೆಲ್ಲ ಹಂಚಿದ. ಶ್ಯಾಮಲಮ್ಮ ಹಣ್ಣು ಮುಟ್ಟಲಿಲ್ಲ, ಟಿವಿಯನ್ನೇ ನೋಡುತ್ತಾ ಕೂತಿದ್ದಳು.

ಅದರ ಮಾರನೆಯ ದಿನ ಇಪ್ಪತ್ತಾರು.

ಚರಚರ ಸದ್ದು ಈಗ ಮುಂದಿನ ಕೋಣೆಯವರೆಗೂ ಕೇಳುತ್ತಿತ್ತು. ಟೈಪ್ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಹಸಿ ಸೊಪ್ಪಿನ ವಾಸನೆ ಬರುತ್ತಿದೆ ಎಂದು ಗಂಗರತ್ನಮ್ಮ ಎಂಬ ಹುಡುಗಿ ಎದ್ದು ಹೋದಳು, ಹಿಂದೆಯೇ ಉಳಿದವರೂ ಹೋದರು. ಕೊಂಡಪ್ಪ ಕ್ಯಾಸೆಟ್ಟನ್ನು ರೆಕಾರ್ಡರಿನಿಂದ ಕಿತ್ತುಕೊಂಡ.

"ವದ್ದು ಸಾಮೀ ವದ್ದು! ದಯ್ಯಂ ಇದು, ದೆವ್ವ! ನನ್ನ ಹೊಟ್ಟೆಪಾಡು ಹಾಳಾಯ್ತು. ಕೆಳಗೆ ಹಿತ್ತಲಲ್ಲಿ ನೀರೊಲೆ ಉರೀತಾ ಐತೆ, ಅದರೊಳಕ್ಕೆ ಹಾಕ್ಬಿಡ್ತೀನಿ."

"ಕೊಂಡಪ್ಪಣ್ಣ, ಬೇಡ," ಎಂದು ಶ್ಯಾಮಲಮ್ಮ ಅವನ ದಾರಿಗೆ ಅಡ್ಡ ನಿಂತಳು. "ಅವನ ಬಟ್ಟೆಬರೆ ಎಲ್ಲಾ ಸುಟ್ಟಾಯ್ತು. ಅವನು ಮಾಡಿದ್ದು ಅಂತ ಇರೋದು ಇದೊಂದೇ."

"ಇದ್ದಿದ್ದೇ ತಪ್ಪಮ್ಮಾ! ಜರುಗು!"

ಆಗ ನನ್ನ ಬಾಯಿ ಸುಮ್ಮನಿರಬೇಕಲ್ಲ! ಜೋರಾಗಿ ನಕ್ಕೆ. "ಏನಯ್ಯಾ ಕೊಂಡಪ್ಪ, ಇಷ್ಟಕ್ಕೇ ಪಂಚೆ ಒದ್ದೆ ಮಾಡ್ಕೊಂಡೆಯಾ? ಅದೆಲ್ಲಾ ಮಾಡಿದ್ದು ನಾನು! ಫಂಕ್ಷನ್ನಿನೊಳಗೆ ಯಾರಿಗೂ ಕಾಣದಂಗೆ ಒಂದು ಗುಪ್ತ ಡಬ್ಬಿ ಇಟ್ಟೆ. ಕೇಳಿದಂಗೆಲ್ಲಾ ಏರ್ತಾ ಹೋಗ್ತದೆ. ಟೇಪಿನ ಸದ್ದೂ ನಂದೇ. ಇಡೀ ಏಷ್ಯಾದಲ್ಲಿ ಇಂಥ ಕೆಲಸ ಮಾಡೋರು ಇಬ್ಬರು, ಇನ್ನೊಬ್ಬ ಜಪಾನಲ್ಲಿದ್ದಾನೆ."

ಕೊಂಡಪ್ಪ ನನ್ನನ್ನು ದಿಟ್ಟಿಸಿದ. ತೆಲುಗಿನಲ್ಲಿ ನನ್ನ ಅಪ್ಪ, ತಾತ, ಮಾಲೂರಿನ ನಮ್ಮ ಮನೆಯ ಹೆಂಚಿನ ಗೂಡು, ಯಾವುದನ್ನೂ ಬಿಡದೆ ಬೈದ. ಆದರೆ ಬೈಯುತ್ತಾ ಬೈಯುತ್ತಾ ಅವನ ಮುಖಕ್ಕೆ ರಕ್ತ ವಾಪಸ್ಸು ಬಂತು. ಕ್ಯಾಸೆಟ್ಟನ್ನು ಮೇಜಿನ ಮೇಲೆ ಎಸೆದ. "ಇನ್ನೊಂದ್ಸಲ ಈ ಕೋತಿಚೇಷ್ಟೆ ಮಾಡಿದ್ರೆ ಒಲೆಗೆ ಹಾಕೋದು ನಿನ್ನನ್ನ," ಎಂದ.

ಶ್ಯಾಮಲಮ್ಮ ಕ್ಯಾಸೆಟ್ಟನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡಳು. ನನ್ನ ಕಡೆ ನೋಡಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದೆ. ಬಿಸಿಲಿಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ನಾನು ಜಪಾನಿನವನ ಕತೆಯನ್ನು ಇನ್ನಷ್ಟು ಬೆಳೆಸುತ್ತಾ ಬಂದೆ. ಮುಳಬಾಗಿಲು ಬಸ್ಸು ನಿಲ್ಲುವ ಕಡೆ, ಚರಂಡಿಯ ಕಲ್ಲಿನ ಹತ್ತಿರ ಅವಳು ನಿಂತಳು.

"ಏರ್ತಾ ಹೋಗ್ತದೆ ಅಂದ್ರಿ. ನಿನ್ನೆ ಒಂಬತ್ತಕ್ಕೆ ಯಾಕೆ ಇಳೀತು?"

"ಅದಾ? ನಿನ್ನೆ ಕರೆಂಟ್ ಇರಲಿಲ್ಲ."

"ಕರೆಂಟ್ ಇಲ್ದೆ ಒಂಬತ್ತು ಹೇಗೆ ಬಂತು ಟಿವಿ ಮೇಲೆ?"

"ಅಲ್ಲ, ಕರೆಂಟ್ ಕಮ್ಮಿ ಇತ್ತು. ವೋಲ್ಟೇಜು."

"ಮೇಷ್ಟ್ರೇ, ನಿಮ್ಮ ಮನೇಲಿ ಯಾವತ್ತಾದ್ರೂ ಹುಳ ಮೇಯಿಸಿದ್ದೀರಾ?"

"ನಮ್ಮದು ಹೆಂಚಿನ ಕಸುಬು. ಆದ್ರೆ ನಾನು ಓದಿ ತಿಳ್ಕೊಂಡಿದ್ದೀನಿ, ಹುಳುವಿನ ವಿಷಯದಲ್ಲಿ ನನ್ನಷ್ಟು..."

"ಜ್ವರಕ್ಕೆ ಕೂತ ಹುಳ ಏನು ಮಾಡುತ್ತೆ?"

ನನಗೆ ಗೊತ್ತಿರಲಿಲ್ಲ. "ಮಲಗುತ್ತೆ," ಎಂದೆ. "ಇನ್ನೂ ಜಾಸ್ತಿ ತಿನ್ನುತ್ತೆ."

"ಸೊಪ್ಪು ಮುಟ್ಟಲ್ಲ," ಎಂದಳು. "ತಲೆ ಎತ್ಕೊಂಡು ಒಂದು ದಿನ ಹಂಗೇ ನಿಂತಿರುತ್ತೆ. ಸದ್ದೇ ಇರಲ್ಲ. ಎದ್ದ ಮೇಲೆ ಎಷ್ಟು ಹಾಕಿದ್ರೂ ಸಾಲಲ್ಲ. ಮೂರನೇ ಜ್ವರ ಎದ್ದಿದ್ದ ಹುಳ, ಮೂರು ದಿನ ಮೇಯ್ತು, ಒಂದು ದಿನ ನಾಲ್ಕನೇ ಜ್ವರಕ್ಕೆ ಕೂತ್ಕೊಂಡು ಒಂಬತ್ತರ ಮೇಲೆ ಏನೂ ಕೇಳ್ಲಿಲ್ಲ, ಇವತ್ತು ಎದ್ದಿದೆ. ಇದನ್ನ ನೀವು ಮಾಡಿದ್ರಾ?"

"ಜಪಾನಿನವನು ಏನು ಹೇಳ್ತಾನೆ ಅಂದ್ರೆ..." ಎಂದು ಶುರುಮಾಡಿದೆ. ಏನಾದರೂ ಬರುತ್ತದೆ, ಯಾವಾಗಲೂ ಬರುತ್ತಿತ್ತು.

ಅವಳು ಚೀಲದಿಂದ ಕ್ಯಾಸೆಟ್ಟು ತೆಗೆದು ಚರಂಡಿಯ ಮೇಲೆ ಹಿಡಿದಳು. "ನೀವು ಕೈಯಾಡಿಸಿದ್ದು ನಿಜವಾದ್ರೆ ಇದು ನನ್ನ ತಮ್ಮನದ್ದಲ್ಲ. ಅವನದ್ದನ್ನ ಕೆಡಿಸಿದ್ದೀರಿ. ಕೆಟ್ಟಿದ್ದನ್ನ ದೇವರಮನೇಲಿ ಇಟ್ಕೊಂಡು ನಾನೇನು ಮಾಡ್ಲಿ? ಇಲ್ಲೇ ಬಿಡ್ತೀನಿ. ಸುಳ್ಳಾದ್ರೆ ಈಗಲೇ ಹೇಳಿ. ಬಸ್ಸು ಬಂತು."

ಬಸ್ಸು ನಿಜವಾಗಿಯೂ ಬಂದಿತ್ತು. ಕಂಡಕ್ಟರು ಮುಳಬಾಗಿಲು, ತಾಯಲೂರು ಎಂದು ಕೂಗುತ್ತಿದ್ದ. ಅವಳ ಎರಡು ಬೆರಳ ನಡುವೆ ಕ್ಯಾಸೆಟ್ಟು ತೂಗುತ್ತಿತ್ತು. ಅಷ್ಟು ಗದ್ದಲದಲ್ಲೂ, ಯಾವ ರೆಕಾರ್ಡರಿಗೂ ಹಾಕದ ಆ ಕ್ಯಾಸೆಟ್ಟಿನಿಂದ ಸೋನೆ ಹಿಡಿದಂಥ ಸದ್ದು ನನಗೆ ಕೇಳಿಸಿತು.

"ನಾನಲ್ಲ, ಶ್ಯಾಮಲಮ್ಮೋರೆ," ಎಂದೆ. "ನಾನು ಅದನ್ನ ಮುಟ್ಟೇ ಇಲ್ಲ. ಮುಟ್ಟೋಕೆ ನಂಗೆ ಬರೋದೂ ಇಲ್ಲ. ಲಿಸ್ಪಲ್ಲಿ ನಾನು ಬರೆದ ಒಂದು ಸಾಲೂ ಯಾವತ್ತೂ ಓಡಿಲ್ಲ. ನಿಮ್ಮ ತಮ್ಮ ತಿದ್ದಿ ಬರೆದು, ಮೇಷ್ಟ್ರು ಬರೆದಿದ್ದು ಅಂತ ನಿಮಗೆಲ್ಲಾ ಹೇಳ್ತಿದ್ದ. ರಿಕರ್ಷನ್ ಅಂದ್ರೆ ಏನು ಅಂತ ಮಾಲೂರು ಬಸ್ ಸ್ಟ್ಯಾಂಡಲ್ಲಿ ನನಗೆ ಹೇಳ್ಕೊಟ್ಟೋನೂ ಅವನೇ. ಕೊಂಡಪ್ಪ ಸುಟ್ಟುಬಿಡ್ತಾನಲ್ಲ ಅಂತ ಸುಳ್ಳು ಹೇಳ್ದೆ. ಅದರೊಳಗೆ ಯಾರಿದ್ದಾರೋ ನಂಗೊತ್ತಿಲ್ಲ. ನಂಗೆ ತುಂಬಾ ಭಯ ಆಗ್ತಿದೆ."